ಗುಳೆ ಹೋಗುವವರ ಮಕ್ಕಳಿಗೆ ಊರಿನದೊಂದು ಮನೆ



ಹಿಂಗಾರಿ ಜೋಳದ ರಾಶಿ ಮುಗಿಯಿತೆಂದರೆ ಗುಡೂರಿನ ಬಸ್ ನಿಲ್ದಾಣದಲ್ಲಿ ಗಂಟುಮೂಟೆಗಳು ಕಾಣತೊಡಗುತ್ತವೆ. ಕೆಲವರು ಗೋವೆಗೆ, ಕೆಲವರು ಮಂಗಳೂರಿಗೆ, ಕೆಲವರು ಬೆಂಗಳೂರಿಗೆ. ಹೊಟ್ಟೆಪಾಡಿಗೆ ಹೋಗುವುದು ತಪ್ಪಲ್ಲ. ಆದರೆ ಆ ಗಂಟಿನ ಪಕ್ಕದಲ್ಲಿ ಕುಳಿತ ಮಗುವಿನ ವಾರ್ಷಿಕ ಪರೀಕ್ಷೆ ಇನ್ನೂ ಮುಗಿದಿರುವುದಿಲ್ಲ.

ನಾನು ಬಲ್ಲ ಹುಡುಗನೊಬ್ಬ ನಾಲ್ಕನೆಯ ಇಯತ್ತೆಯಲ್ಲಿದ್ದಾಗ ಹೀಗೆ ಹೋದ. ನಾಗರ ಪಂಚಮಿಗೆ ತಿರುಗಿ ಬಂದಾಗ ತನ್ನ ಹೆಸರು ಬರೆಯಲು ತಡವರಿಸಿದ. “ಅಲ್ಲೂ ಸಾಲಿ ಐತ್ರಿ, ಆದ್ರ ನಮ್ಮನ್ನ ಕೇಳವ್ರು ಯಾರು?” ಎಂದರು ಅವನ ತಂದೆ. ಕೇಳುವವರನ್ನು ಹೇಗೆ ಒದಗಿಸುವುದು? ಅದೇ ಇಂದಿನ ಪಾಠ.

ಬೇರೆಯವರು ಮಾಡಿದ್ದೇನು?

ಕರಾವಳಿಯ ಜನರು ಮುಂಬಯಿಗೆ ದುಡಿಯಲು ಹೋದಾಗ ಅವರಿಗೂ ಇದೇ ಕಷ್ಟವಿತ್ತು. ಹುಡುಗರು ಹಗಲು ಹೋಟೆಲುಗಳಲ್ಲಿ ದುಡಿಯುತ್ತಿದ್ದರು. ಮೊಗವೀರ ಸಮಾಜದವರು 1902ರಲ್ಲಿ ತಮ್ಮದೊಂದು ಮಂಡಳಿ ಕಟ್ಟಿಕೊಂಡು, 1908ರಲ್ಲಿ ರಾತ್ರಿ ಶಾಲೆ ತೆರೆದರು. ಹಗಲು ದುಡಿದವರು ರಾತ್ರಿ ಕನ್ನಡದಲ್ಲಿ ಓದಿದರು. ಮುಂದೆ 1926ರಲ್ಲಿ ಮೈಸೂರು ಅಸೋಸಿಯೇಷನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿ, ಪರಊರಿನಲ್ಲಿ ಕನ್ನಡಿಗರು ಕಲೆಯುವ ಸ್ಥಳಗಳಾದವು.

ಅಮೆರಿಕದ ಚಿಕಾಗೋ ನಗರದಲ್ಲಿ ಜೇನ್ ಆಡಮ್ಸ್ ಮತ್ತು ಎಲೆನ್ ಗೇಟ್ಸ್ ಸ್ಟಾರ್ ಎಂಬ ಇಬ್ಬರು ಮಹಿಳೆಯರು 1889ರಲ್ಲಿ ‘ಹಲ್ ಹೌಸ್’ ತೆರೆದರು. ವಲಸೆ ಬಂದ ಕೂಲಿಗಾರರ ಮಕ್ಕಳಿಗೆ ಶಿಶುವಿಹಾರ, ದೊಡ್ಡವರಿಗೆ ಸಂಜೆ ಪಾಠ ಅಲ್ಲಿ ನಡೆಯುತ್ತಿದ್ದವು. ಮೊದಲು ಯುರೋಪಿನವರು, ಆಮೇಲೆ ಮೆಕ್ಸಿಕೋದಿಂದ ಬಂದವರು ಅದರ ಬಾಗಿಲಿಗೆ ಬಂದರು. ಇಂದಿಗೂ ಆ ದೇಶದ ನಗರಗಳಲ್ಲಿ ಸ್ಪ್ಯಾನಿಷ್ ಮಾತನಾಡುವ ಕುಟುಂಬಗಳಿಗಾಗಿ ಇಂಥ ಕೇಂದ್ರಗಳಿವೆ. ಮಗನಿಗೆ ಪಾಠ, ತಾಯಿಗೆ ಸಲಹೆ, ತರುಣರಿಗೆ ಕೆಲಸದ ತರಬೇತಿ ಒಂದೇ ಸೂರಿನಡಿ ಸಿಗುತ್ತವೆ.

ಇವೆಲ್ಲದರ ಗುಟ್ಟು ಮೂರು: ಗೊತ್ತಾದ ಒಂದು ಸ್ಥಳ, ದುಡಿಯುವವರಿಗೆ ಹೊಂದುವ ವೇಳೆ, ಮಗುವಿನ ಜೊತೆಗೆ ಇಡೀ ಮನೆಯ ಚಿಂತೆ.

ನಾವು ಮಾಡಬಹುದಾದದ್ದು

ಎಷ್ಟೋ ಊರುಗಳಲ್ಲಿ ಸಮುದಾಯ ಭವನವಿದೆ. ಮದುವೆಯ ದಿನ ಬಿಟ್ಟರೆ ಬೀಗ. ಪಂಚಾಯತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರವೂ ಇದೆ. ಹೊಸ ಕಟ್ಟಡ ಬೇಡ. ಈ ಕೆಲಸಗಳನ್ನು ಹಿಡಿಯೋಣ:

1. ಸಂಜೆ ಎರಡು ತಾಸು ಬಾಗಿಲು ತೆರೆದಿಡಿ. ಕಾಲೇಜು ಓದಿದ ತರುಣ ತರುಣಿಯರು ಸರದಿಯಂತೆ ಪಾಠ ಹೇಳಲಿ.

2. ಗುಳೆ ಹೋಗುವವರ ವಹಿ ಇಡಿ. ಯಾವ ಮನೆ, ಯಾವ ಊರಿಗೆ, ಜೊತೆಗೆ ಎಷ್ಟು ಮಕ್ಕಳು, ಮನೆಯಲ್ಲಿ ಉಳಿದ ಮುದುಕರು ಯಾರು, ಫೋನ್ ನಂಬರ್ ಯಾವುದು, ಎಲ್ಲ ಬರೆದುಕೊಳ್ಳಿ.

3. ಹೊರಡುವ ಮುನ್ನ ಶಾಲೆಯಿಂದ ವರ್ಗಾವಣೆ ಪತ್ರ ಕೇಳಿ. 2009ರ ಶಿಕ್ಷಣ ಹಕ್ಕು ಕಾಯಿದೆಯ 5ನೆಯ ಕಲಮಿನ ಪ್ರಕಾರ ಮುಖ್ಯೋಪಾಧ್ಯಾಯರು ಅದನ್ನು ಕೂಡಲೇ ಕೊಡಬೇಕು. ಪತ್ರ ತಡವಾಯಿತೆಂದು ಹೋದ ಊರಿನ ಸರ್ಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ.

4. ‘ಒಂದು ದೇಶ ಒಂದು ಪಡಿತರ ಚೀಟಿ’ ಯೋಜನೆಯಲ್ಲಿ ಬೇರೆ ಊರಿನ ನ್ಯಾಯಬೆಲೆ ಅಂಗಡಿಯಲ್ಲೂ ಹೆಬ್ಬೆಟ್ಟು ಒತ್ತಿ ಧಾನ್ಯ ಪಡೆಯಬಹುದು. ಚೀಟಿಗೆ ಆಧಾರ್ ಜೋಡಣೆ ಆಗಿದೆಯೇ ಎಂದು ಹೊರಡುವ ಮುನ್ನವೇ ನೋಡಿಕೊಳ್ಳಿ.

5. ಅಜ್ಜ-ಅಜ್ಜಿಯರ ಬಳಿ ಬಿಟ್ಟುಹೋದ ಮಕ್ಕಳು ಶಾಲೆಗೆ ಹೋಗುತ್ತಿದ್ದಾರೆಯೇ ಎಂದು ಮಹಿಳಾ ಸಂಘದವರು ವಾರಕ್ಕೊಮ್ಮೆ ವಿಚಾರಿಸಲಿ.

6. ತಿರುಗಿ ಬಂದ ಮಗುವಿಗೆ ಹಿಂದುಳಿದ ಪಾಠವನ್ನು ಸಂಜೆಯ ಹೊತ್ತು ಬೇರೆಯಾಗಿ ಹೇಳಿಕೊಡಿ. ಎಲ್ಲರ ಮುಂದೆ ನಾಚಿಕೆಯಾಗದಂತೆ ನೋಡಿಕೊಳ್ಳಿ.

“ಇದಕ್ಕೆಲ್ಲ ರೊಕ್ಕ ಎಲ್ಲಿಂದ?” ಎಂದು ಕೇಳುವಿರಿ. ಸ್ಥಳವಿದೆ, ದೀಪವಿದೆ, ಓದಿದ ಮಕ್ಕಳಿದ್ದಾರೆ. ಬೇಕಾದದ್ದು ದಿನಾಲೂ ಬೀಗ ತೆಗೆಯುವ ಒಬ್ಬರು. 1952ರ ಅಕ್ಟೋಬರ್ 2ರಂದು ಸಮುದಾಯ ಅಭಿವೃದ್ಧಿ ಯೋಜನೆ ಶುರುವಾದಾಗಿನ ಮೂಲ ವಿಚಾರವೂ ಇದೇ: ಜನ ಮುಂದಾಗಬೇಕು, ಸರ್ಕಾರ ಕೈಜೋಡಿಸಬೇಕು.

ಒಡ್ಡು ಹಾಕದ ಹೊಲದಲ್ಲಿ ಮಳೆ ನೀರಿನ ಜೊತೆ ಮೇಲ್ಮಣ್ಣೂ ಹರಿದುಹೋಗುತ್ತದೆಂದು ನಿಮಗೆ ಗೊತ್ತು. ಮಕ್ಕಳ ಕಲಿಕೆಗೂ ಊರು ಒಂದು ಒಡ್ಡು ಹಾಕಬೇಕು.

ಚರ್ಚೆಗೆ ಪ್ರಶ್ನೆಗಳು

1. ಕಳೆದ ವರ್ಷ ನಿಮ್ಮ ಓಣಿಯಿಂದ ಎಷ್ಟು ಮಕ್ಕಳು ಗುಳೆ ಹೋದರು? ಎಷ್ಟು ಮಂದಿ ಶಾಲೆಗೆ ಮರಳಿದರು?
2. ಸಮುದಾಯ ಭವನದ ಕೀಲಿ ಯಾರ ಬಳಿ ಇದೆ?
3. ವಹಿ ಬರೆಯಲು ಯಾರು ಒಪ್ಪುತ್ತಾರೆ?

ಮುಂದಿನ ಗ್ರಾಮಸಭೆಗೆ ಉತ್ತರಗಳೊಂದಿಗೆ ಬನ್ನಿರಿ. ವಹಿಯನ್ನು ನಾನು ತರುತ್ತೇನೆ.