ಒಡೆಯರಿಲ್ಲದ ಬ್ರ್ಯಾಂಡಿನ ಬೆನ್ನು ಹತ್ತಿ

ಚೆನ್ನೈಯಲ್ಲಿ ಜಾಹೀರಾತು ವಿಷಯ ಓದುವಾಗ ಸ್ವತಂತ್ರ ಸಂಶೋಧನೆಗೆ ನಾನು ಆರಿಸಿಕೊಂಡದ್ದು ‘ಉಡುಪಿ ಹೋಟೆಲ್’ ಎಂಬ ಹೆಸರನ್ನು. ಅದಕ್ಕೆ ಒಬ್ಬ ಒಡೆಯನಿಲ್ಲ, ಒಂದು ಲಾಂಛನವಿಲ್ಲ. 1999ರ ಟ್ರೇಡ್‌ಮಾರ್ಕ್ ಕಾಯ್ದೆಯ ಪ್ರಕಾರ ಬರೀ ಊರಿನ ಹೆಸರನ್ನು ಸಾಮಾನ್ಯವಾಗಿ ಯಾರೂ ತಮ್ಮದೆಂದು ನೋಂದಾಯಿಸಿಕೊಳ್ಳುವಂತಿಲ್ಲ. ಆದರೂ ಮೈಲಾಪುರದಲ್ಲಿ ಆ ಬೋರ್ಡು ಕಂಡವರಿಗೆ ಒಳಗೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದು ಗೊತ್ತು. ಕಂಪನಿಗಳು ಕೋಟಿಗಟ್ಟಲೆ ಸುರಿದು ಗಳಿಸಲು ಹೆಣಗುವುದು ಇದನ್ನೇ.

ಸ್ವತಂತ್ರ ಪ್ರಾಜೆಕ್ಟಿನಲ್ಲಿ ಪ್ರಶ್ನೆಯನ್ನೂ ನಾವೇ ಹುಡುಕಿಕೊಳ್ಳಬೇಕು. ಅದು ಕಿರಿದಾದಷ್ಟೂ ಕೆಲಸ ಗಟ್ಟಿಯಾಗುತ್ತದೆ. ಹೋಟೆಲು ಜಾಗ ಬದಲಿಸಿದರೂ ಹೆಸರು ಹೇಗೆ ಉಳಿಯುತ್ತದೆ? ಇಷ್ಟಕ್ಕೇ ನಿಂತೆ. ಅದಕ್ಕೆ ಚೆನ್ನೈಯಲ್ಲಿ ಉಡುಪಿ ಹೋಟೆಲು ನಡೆಸಿದ ಕಡಂದಲೆ ಕೃಷ್ಣರಾಯರ ಬದುಕೇ ದಾರಿಯಾಯಿತು. ತುಳುನಾಡಿನಿಂದ ಬಂದು ಹೋಟೆಲಿನ ದುಡಿಮೆಯಿಂದಲೇ ಮೇಲೆ ಬಂದವರು ಅವರು. 1938ರಲ್ಲಿ ರಾಯಪೇಟೆಯ ಬಂಗಲೆಯೊಂದನ್ನು ಬಾಡಿಗೆಗೆ ಹಿಡಿದರು. ಬಂಗಲೆಯ ಹೆಸರು ವುಡ್‌ಲ್ಯಾಂಡ್ಸ್; ಹೋಟೆಲಿಗೂ ಅದೇ ಆಯಿತು. 1952ರಲ್ಲಿ, ಈಗಿನ ರಾಧಾಕೃಷ್ಣನ್ ಸಾಲೈಯಲ್ಲಿ ನ್ಯೂ ವುಡ್‌ಲ್ಯಾಂಡ್ಸ್ ತೆರೆದಾಗ ಬಂಗಲೆ ಹಿಂದೆ ಉಳಿಯಿತು, ಹೆಸರು ಜತೆಗೆ ಬಂತು. 1962ರಲ್ಲಿ ಕೆಥೆಡ್ರಲ್ ರಸ್ತೆಯಲ್ಲಿ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲು ಬಂತು. ಅದು 2008ರಲ್ಲಿ ಮುಚ್ಚಿತು. ಆ ಜಾಗದಲ್ಲೀಗ ಸೆಮ್ಮೊಳಿ ಪೂಂಗಾ ಉದ್ಯಾನವಿದೆ. ಅಲ್ಲಿ ಕಾಫಿ ಕುಡಿದು ಬೆಳೆದವರು ಉದ್ಯಾನದ ಗೇಟಿನ ಬಳಿ ಇವತ್ತಿಗೂ ವುಡ್‌ಲ್ಯಾಂಡ್ಸ್ ಮಾತು ತೆಗೆಯುತ್ತಾರೆ.

ನಾನು ಹೆಚ್ಚು ಕಲಿತದ್ದು ಮಾತಾಡಿಸುವುದನ್ನು. ‘ಈ ಹೋಟೆಲು ನಿಮಗೇಕೆ ಇಷ್ಟ?’ ಎಂದು ಕೇಳಿದರೆ ಎಲ್ಲರ ಬಾಯಲ್ಲೂ ಜಾಹೀರಾತಿನ ಮಾತೇ ಬರುತ್ತದೆ: ರುಚಿ, ಶುಚಿ, ನಂಬಿಕೆ. ‘ಕಳೆದ ಸಲ ಯಾರ ಜತೆ ಬಂದಿರಿ, ಏನು ತಿಂದಿರಿ, ಬೇರೆಲ್ಲೂ ಹೋಗದೆ ಇಲ್ಲಿಗೇ ಯಾಕೆ ಬಂದಿರಿ?’ ಎಂದಾಗ ಬದುಕು ಬಿಚ್ಚಿಕೊಳ್ಳುತ್ತದೆ. ಹೆಣ್ಣು ನೋಡುವ ಶಾಸ್ತ್ರಕ್ಕೆ ಬಂದದ್ದು, ಶಸ್ತ್ರಚಿಕಿತ್ಸೆಯಾದ ಅಪ್ಪನಿಗೆ ಇಡ್ಲಿ ಕಟ್ಟಿಸಿಕೊಂಡು ಹೋದದ್ದು. ಅಭಿಪ್ರಾಯ ಕೇಳುವುದಕ್ಕಿಂತ ನಡೆದದ್ದನ್ನು ಕೇಳುವುದು ಮೇಲು. ಇದನ್ನು ಯಾವ ಪಠ್ಯಪುಸ್ತಕವೂ ನನಗೆ ಇಷ್ಟು ಸ್ಪಷ್ಟವಾಗಿ ಹೇಳಿರಲಿಲ್ಲ.

ಅಡುಗೆಮನೆಯಲ್ಲಂತೂ ಭಾಷೆಯೇ ಬಾಗಿಲು ತೆರೆಯಿತು. ತಮಿಳಿನಲ್ಲಿ ಅಳೆದು ತೂಗಿ ಉತ್ತರಿಸುತ್ತಿದ್ದ ಹಿರಿಯ ಭಟ್ಟರು ನಾನು ಕನ್ನಡಕ್ಕೆ ಹೊರಳಿದ್ದೇ ಸ್ಟೂಲು ಎಳೆದುಕೊಟ್ಟರು. ‘ಸಾಂಬಾರಿಗೆ ಬೆಲ್ಲ ಕಡಿಮೆ ಮಾಡಿದ್ದು ಯಾವಾಗ?’ ಎಂದೆ. ‘ಅದು ನಮ್ಮ ಇಷ್ಟ ಅಲ್ಲ ಮಾರಾಯ, ಇಲ್ಲಿನವರ ನಾಲಿಗೆ. ಆದ್ರೆ ಅನ್ನ-ಸಾರಿಗೆ ಕೈ ಹಾಕ್ಲಿಲ್ಲ ನಾವು’ ಎಂದರು. ಏನನ್ನು ಬಿಟ್ಟುಕೊಡಬಹುದು, ಏನನ್ನು ಬಿಡಕೂಡದು ಎಂಬ ಈ ಲೆಕ್ಕಾಚಾರವೇ ನನ್ನ ವರದಿಯ ಮುಖ್ಯ ಅಧ್ಯಾಯವಾಯಿತು. ಬ್ರ್ಯಾಂಡ್ ಎಂದರೆ ಬಣ್ಣ-ಅಕ್ಷರಗಳ ವಿಷಯವೆಂದು ನಂಬುವವರು ಆ ಭಟ್ಟರ ಪಕ್ಕ ಅರ್ಧ ಗಂಟೆ ಕೂರಬೇಕು.

ಹಳೆಯ ಜಾಹೀರಾತುಗಳಿಗೆ ತರಮಣಿಯ ರೋಜಾ ಮುತ್ತಯ್ಯ ಗ್ರಂಥಾಲಯ ದೊಡ್ಡ ಆಸರೆ. ಹಳೆಯ ತಮಿಳು ಪತ್ರಿಕೆಗಳ ಪುಟ ತಿರುವುವಾಗ ಪ್ರತಿ ಜಾಹೀರಾತಿನ ತಾರೀಖು, ಪುಟಸಂಖ್ಯೆಯನ್ನು ಆಗಲೇ ಬರೆದಿಡಬೇಕು. ಬರೆಯಲು ಕೂತಾಗ ಅದರ ಬೆಲೆ ತಿಳಿಯುತ್ತದೆ. ಮಾತಾಡಿದವರಿಗೆ ಅವರ ಮಾತಿನ ಭಾಗವನ್ನು ಓದಿ ಹೇಳಿಯೇ ವರದಿ ಒಪ್ಪಿಸಿದೆ. ಅದು ಅವರಿಗೆ ಸಲ್ಲಬೇಕಾದ ಮರ್ಯಾದೆ.

ನಾನು ಕಂಡ ಅಡುಗೆಮನೆಗಳಲ್ಲಿ ಕರಾವಳಿಯ ಹುಡುಗರು ಕಡಿಮೆ. ಒಡಿಶಾ, ಅಸ್ಸಾಮಿನಿಂದ ಬಂದವರು ಹಿಟ್ಟು ಹೊಯ್ಯುತ್ತಿದ್ದರು, ಭಟ್ಟರು ಪಕ್ಕದಲ್ಲಿ ನಿಂತು ಕಲಿಸುತ್ತಿದ್ದರು. ಜಾಗ ಬದಲಾದರೂ ಉಳಿದ ಹೆಸರು ಕೈ ಬದಲಾದರೆ ಏನಾಗುತ್ತದೆ ಎಂಬುದನ್ನು ಮುಂದಿನ ಅಧ್ಯಯನಕ್ಕೆಂದು ಬರೆದಿಟ್ಟುಕೊಂಡಿದ್ದೇನೆ.