ಮೂರು ದಿನದ ಪ್ರವಾಸಕ್ಕೆ ಬೀಡು ಎಲ್ಲಿ ಬಿಡೋಣ?

ನಮ್ಮ ಕ್ಯಾಂಪಸ್ಸಿನವರಿಗೆ ಪ್ರವಾಸ ಅಂದರೆ ನಂದಿಬೆಟ್ಟ. ಹುಣಸಮಾರನಹಳ್ಳಿಯಿಂದ ಬಳ್ಳಾರಿ ರಸ್ತೆ ಹಿಡಿದರೆ ಸೂರ್ಯ ಹುಟ್ಟೋ ಮೊದಲೇ ತಲುಪಿ, ತಿಂಡಿ ಹೊತ್ತಿಗೆ ಮೆಸ್‌ಗೆ ವಾಪಸ್ ಬರಬಹುದು. ರಾತ್ರಿ ಎಲ್ಲಿ ಉಳ್ಕೊಳ್ಳೋದು ಅನ್ನೋ ಪ್ರಶ್ನೆಯೇ ಇಲ್ಲ. ಆದರೆ ಮೂರು ದಿನ ರಜೆ ಸಿಕ್ಕಿ, ಯಾರದೋ ಮನೆಯ ಕಾರೂ ಸಿಕ್ಕಿ, ಹಾಸನ, ಚಿಕ್ಕಮಗಳೂರು ಕಡೆ ಹೋಗೋಣ ಅಂತ ಹೊರಟರೆ ಮೊದಲು ಏಳೋ ಪ್ರಶ್ನೆಯೇ ಅದು. ಯಾವ ಊರಲ್ಲಿ ರೂಮ್ ಮಾಡಿ ಅಲ್ಲಿಂದ ದಿನಾ ಹೋಗಿಬರೋದು? ಹಳೇ ಕಾಲದ ಮಾತಲ್ಲಿ ಹೇಳಿದರೆ, ಬೀಡು ಎಲ್ಲಿ ಬಿಡೋದು? ಹಳೇಬೀಡಿನ ಹೆಸರಲ್ಲಿರೋ ಬೀಡು ಇದೇ ಅಂತ ನಮಗೆ ಗೊತ್ತಾಗಿದ್ದು ಈ ಲೇಖನ ಬರೆಯುವಾಗ. ಇಂಗ್ಲಿಷ್ ಮೀಡಿಯಂ ಮಕ್ಕಳು ನಾವು, ಕ್ಷಮಿಸಿ.

ಮೊದಲ ವರ್ಷದಲ್ಲಿ ನಾವು ನಾಲ್ಕು ಜನ ಈ ಪ್ರಶ್ನೆಗೆ ರೀಲ್ ನೋಡಿ ಉತ್ತರ ಕಂಡುಕೊಂಡಿದ್ದೆವು. ಸಕಲೇಶಪುರದಿಂದ ಒಳಗೆ 22 ಕಿಲೋಮೀಟರ್ ದೂರದಲ್ಲಿ ಒಂದು ಹೋಮ್‌ಸ್ಟೇ. ಮಂಜು, ಕಾಫಿ ಗಿಡ, ಪಕ್ಕದಲ್ಲೇ ಹಳ್ಳ. ಜಾಗ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಎರಡನೇ ದಿನ ಬೇಲೂರು, ಹಳೇಬೀಡು ನೋಡಿ, ಅಲ್ಲಿಂದ ಮುಳ್ಳಯ್ಯನಗಿರಿಗೆ ಹೋದೆವು. ಡಿಸೆಂಬರ್ ತಿಂಗಳು, ಆರು ಗಂಟೆ ಸುಮಾರಿಗೆ ಸೂರ್ಯ ಮುಳುಗಿದ. ಬೆಟ್ಟ ಇಳಿಯುವಾಗಲೇ ಕತ್ತಲು. ರೂಮಿಗೆ ಇನ್ನೂ ನೂರು ಕಿಲೋಮೀಟರ್ ಬಾಕಿ. ಲೈಸೆನ್ಸ್ ಇದ್ದದ್ದು ಒಬ್ಬನಿಗೆ ಮಾತ್ರ. ಬೇಲೂರು ದಾಟಿದ ಮೇಲೆ ಅವನು ಒಂದು ಕ್ಷಣ ತೂಕಡಿಸಿದ. ಎಡಗಡೆ ಎರಡೂ ಚಕ್ರ ಟಾರಿನಿಂದ ಕೆಳಗಿಳಿದವು. ಮೋರಿ ಕಟ್ಟೆಗೆ ಒಂದು ಗೇಣು ಇರುವಾಗ ಕಾರು ನಿಂತಿತು. ಹಿಂದೆ ಕೂತಿದ್ದ ನಾವೂ ನಿದ್ದೆಯಲ್ಲೇ ಇದ್ದೆವು. ಈ ವಿಷಯ ಇನ್ನೂ ಯಾರ ಮನೆಯಲ್ಲೂ ಗೊತ್ತಿಲ್ಲ.

ಆ ದಿನ ಓಡಿಸಿದ್ದು ಒಟ್ಟು 236 ಕಿಲೋಮೀಟರ್. ಆಮೇಲೆ ಹಾಸ್ಟೆಲ್‌ನಲ್ಲಿ ಪೇಪರ್ ಇಟ್ಟುಕೊಂಡು ಕೂತಾಗ ಗೊತ್ತಾಯಿತು, ಇದು ಓದಿ ಬಿಡಿಸಬಹುದಾದ ಲೆಕ್ಕ. ಇದಕ್ಕೆ ಫೆಸಿಲಿಟಿ ಲೊಕೇಶನ್ ಅನ್ನೋ ಹೆಸರೂ ಇದೆ. 1909ರಲ್ಲಿ ಜರ್ಮನಿಯ ಆಲ್ಫ್ರೆಡ್ ವೇಬರ್, ಕಾರ್ಖಾನೆಯನ್ನು ಎಲ್ಲಿ ಕಟ್ಟಿದರೆ ಸಾಗಣೆ ಖರ್ಚು ಕಡಿಮೆ ಅಂತ ಕೇಳಿದ್ದು ಇದೇ ಪ್ರಶ್ನೆಯನ್ನ. 1964ರಲ್ಲಿ ಹಕೀಮಿ ಅನ್ನುವವರು ಟೆಲಿಫೋನ್ ಎಕ್ಸ್‌ಚೇಂಜ್ ಎಲ್ಲಿಡಬೇಕು ಅನ್ನೋದನ್ನ ಗ್ರಾಫ್ ಮೇಲೆ ಬಿಡಿಸಿದರು. ಕಾರ್ಖಾನೆ, ಎಕ್ಸ್‌ಚೇಂಜ್, ನಮ್ಮ ಲಾಡ್ಜ್ ರೂಮ್, ಮೂರಕ್ಕೂ ಲೆಕ್ಕ ಒಂದೇ.

ಈ ಸಲ ನೋಡಬೇಕಾದ ಜಾಗ ಐದು: ಶ್ರವಣಬೆಳಗೊಳ, ಹಳೇಬೀಡು, ಬೇಲೂರು, ಮಂಜರಾಬಾದ್ ಕೋಟೆ, ಮುಳ್ಳಯ್ಯನಗಿರಿ. ಉಳಿಯೋಕೆ ಸಾಧ್ಯ ಇರೋ ಊರು ನಾಲ್ಕು: ಹಾಸನ, ಬೇಲೂರು, ಸಕಲೇಶಪುರ, ಚಿಕ್ಕಮಗಳೂರು. ರಸ್ತೆಗಳನ್ನ ಗ್ರಾಫ್ ಮಾಡಿಕೊಳ್ಳಿ. ಅಂಕಿಗಳು ದುಂಡಾಗಿಸಿದವು, ಸ್ವಲ್ಪ ಆಚೀಚೆ ಇರಬಹುದು. ಶ್ರವಣಬೆಳಗೊಳದಿಂದ ಹಾಸನ 50, ಹಾಸನದಿಂದ ಹಳೇಬೀಡು 30, ಹಾಸನದಿಂದ ಬೇಲೂರು 40, ಬೇಲೂರಿಂದ ಹಳೇಬೀಡು 16, ಹಾಸನದಿಂದ ಸಕಲೇಶಪುರ 40, ಸಕಲೇಶಪುರದಿಂದ ಮಂಜರಾಬಾದ್ 6, ಬೇಲೂರಿಂದ ಸಕಲೇಶಪುರ 35, ಬೇಲೂರಿಂದ ಚಿಕ್ಕಮಗಳೂರು 25, ಅಲ್ಲಿಂದ ಮುಳ್ಳಯ್ಯನಗಿರಿ 20.

ಈಗ ಪ್ರತಿ ಊರಿಗೂ ಎರಡು ಅಂಕಿ ಬರೆಯಬೇಕು. ಐದೂ ಜಾಗಗಳ ದೂರದ ಮೊತ್ತ ಒಂದು, ಅದರಲ್ಲಿ ಅತಿ ಉದ್ದದ ದೂರ ಇನ್ನೊಂದು.

ಹಾಸನ: ಮೊತ್ತ 251, ಅತಿ ಉದ್ದ 85
ಬೇಲೂರು: ಮೊತ್ತ 192, ಅತಿ ಉದ್ದ 90
ಸಕಲೇಶಪುರ: ಮೊತ್ತ 262, ಅತಿ ಉದ್ದ 90
ಚಿಕ್ಕಮಗಳೂರು: ಮೊತ್ತ 267, ಅತಿ ಉದ್ದ 115

ಮೊತ್ತ ಕಡಿಮೆ ಇರೋ ಊರನ್ನ ಮೀಡಿಯನ್ ಅಂತಾರೆ, ಇಲ್ಲಿ ಅದು ಬೇಲೂರು. ಅತಿ ಉದ್ದದ ದೂರ ಕಡಿಮೆ ಇರೋದನ್ನ ಆರಿಸೋದು ಮಿನಿಮ್ಯಾಕ್ಸ್, ಇಲ್ಲಿ ಅದು ಹಾಸನ. ಒಂದೇ ಪಟ್ಟಿ, ಎರಡು ಉತ್ತರ. (ಹಳೇಬೀಡಿನ ಸಾಲನ್ನ ಬೇಕಂತಲೇ ಬಿಟ್ಟಿದ್ದೇವೆ. ನೀವೇ ತುಂಬಿ ನೋಡಿ, ಪರವಾಗಿಲ್ಲ ಅನ್ನೋ ಅಂಕಿ ಬರುತ್ತೆ.)

ಹಕೀಮಿಯವರ ಮಾತು ಇಲ್ಲಿ ಉಪಯೋಗಕ್ಕೆ ಬರುತ್ತೆ. ಮೊತ್ತ ಕಡಿಮೆ ಮಾಡಬೇಕಾದರೆ ರಸ್ತೆ ನಡುವಿನ ಜಾಗಗಳನ್ನ ಹುಡುಕೋದೇ ಬೇಡ, ಯಾವುದಾದರೂ ಒಂದು ಊರು ಅಥವಾ ಕೂಡುರಸ್ತೆಯಲ್ಲೇ ಉತ್ತರ ಇರುತ್ತೆ. ಮಿನಿಮ್ಯಾಕ್ಸ್‌ಗೆ ಹಾಗಿಲ್ಲ. ಹಾಸನದಿಂದ ಬೇಲೂರು ರಸ್ತೆಯಲ್ಲಿ x ಕಿಲೋಮೀಟರ್ ಹೋದರೆ ಶ್ರವಣಬೆಳಗೊಳ 50 + x ಆಗುತ್ತೆ, ಮುಳ್ಳಯ್ಯನಗಿರಿ 85 – x ಆಗುತ್ತೆ. ಎರಡನ್ನೂ ಸಮ ಮಾಡಿದರೆ x = 17.5, ಅತಿ ಉದ್ದದ ದೂರ 67.5ಕ್ಕೆ ಇಳಿಯುತ್ತೆ. ಲೆಕ್ಕದ ಪ್ರಕಾರ ನಾವು ರಾತ್ರಿ ಕಳೆಯಬೇಕಾದ್ದು ಹಾಸನದಿಂದ ಹದಿನೇಳೂವರೆ ಕಿಲೋಮೀಟರ್ ಆಚೆ, ಯಾರದೋ ಆಲೂಗಡ್ಡೆ ಹೊಲದಲ್ಲಿ.

ನಮ್ಮಲ್ಲಿ ಸಿವಿಲ್ ಓದೋನು ಆಗ ಒಂದು ಮಾತು ಕೇಳಿದ. "ಶ್ರವಣಬೆಳಗೊಳಕ್ಕೆ ರೂಮಿಂದ ಯಾಕ್ರೋ ಹೋಗ್ಬೇಕು?" ಹೌದಲ್ವಾ! ಅದು ಚನ್ನರಾಯಪಟ್ಟಣದ ಹತ್ತಿರ, ನಾವು ಹೋಗೋ ದಾರಿಯಲ್ಲೇ ಬರುತ್ತೆ. ಯಲಹಂಕ, ಹೆಸರಘಟ್ಟ ಕಡೆಯಿಂದ ನೆಲಮಂಗಲ ಸೇರಿಕೊಂಡರೆ ಹೆಬ್ಬಾಳ, ಗೊರಗುಂಟೆಪಾಳ್ಯ ಎರಡೂ ತಪ್ಪುತ್ತೆ. ಬೆಳಗ್ಗೆ ಐದಕ್ಕೆ ಬಿಟ್ಟರೆ ಬಿಸಿಲು ಏರೋ ಮೊದಲೇ ವಿಂಧ್ಯಗಿರಿ ಹತ್ತಬಹುದು. ಬರಿಗಾಲಲ್ಲಿ ಹತ್ತಬೇಕು, ಮಧ್ಯಾಹ್ನ ಆ ಬಂಡೆ ಸುಡುತ್ತೆ, ಹಾಗಾಗಿ ಹೊತ್ತು ಮುಖ್ಯ. ದಾರಿ ಮೇಲಿನ ಜಾಗವನ್ನ ಪಟ್ಟಿಯಿಂದ ತೆಗೆದರೆ ಹಾಸನ 201 ಮತ್ತು 85, ಬೇಲೂರು 102 ಮತ್ತು 45, ಸಕಲೇಶಪುರ 172 ಮತ್ತು 80, ಚಿಕ್ಕಮಗಳೂರು 152 ಮತ್ತು 66. ಈಗ ಎರಡು ಲೆಕ್ಕದಲ್ಲೂ ಬೇಲೂರೇ. ಆಲೂಗಡ್ಡೆ ಹೊಲ ತಪ್ಪಿತು.

ಇಲ್ಲಿಗೆ ಮುಗಿಸಿದ್ದರೆ ನಮ್ಮ ಲೇಖನ ತುಂಬಾ ಜಾಣತನದ್ದಾಗಿ ಕಾಣ್ತಿತ್ತು. ಆದರೆ ಲೆಕ್ಕದಲ್ಲಿ ಮೋಸ ಇದೆ. ಪ್ರತಿ ಜಾಗಕ್ಕೂ ಬೇರೆ ಬೇರೆ ಹೋಗಿಬರ್ತೀವಿ ಅಂತ ನಾವು ಅಂದುಕೊಂಡಿದ್ದೆವು. ಹಾಸನದಲ್ಲಿ ಉಳಿದವರು ಹಾಗೆ ಮಾಡಲ್ಲ. ಹಳೇಬೀಡು, ಬೇಲೂರು ಎರಡನ್ನೂ ಒಂದೇ ಸುತ್ತಿನಲ್ಲಿ ಮುಗಿಸ್ತಾರೆ, 30 + 16 + 40 = 86. ಮಂಜರಾಬಾದ್‌ಗೆ 92, ಮುಳ್ಳಯ್ಯನಗಿರಿಗೆ 170, ಒಟ್ಟು 348. ಬೇಲೂರಿಂದ 32 + 82 + 90 = 204. ವ್ಯತ್ಯಾಸ 144. ಆದರೆ ಬೆಂಗಳೂರಿಂದ ಬರುವಾಗ, ಹೋಗುವಾಗ ಬೇಲೂರು 40 ಕಿಲೋಮೀಟರ್ ಹೆಚ್ಚು ದೂರ, ಎರಡು ಸೇರಿ 80. ಉಳಿದದ್ದು ಬರೀ 64. ಲೀಟರ್‌ಗೆ 15 ಕೊಡೋ ಕಾರಾದರೆ ನಾಲ್ಕು ಲೀಟರ್ ಚಿಲ್ಲರೆ ಪೆಟ್ರೋಲ್. ಹಾಸನದಲ್ಲಿ ರೂಮ್ ಸ್ವಲ್ಪ ಅಗ್ಗ ಸಿಕ್ಕರೆ ಅಲ್ಲಿಗೆ ಸಮ. ಕಿಲೋಮೀಟರ್ ಉಳಿಸ್ತೀವಿ ಅಂತ ಬೇಲೂರು ಆರಿಸೋದರಲ್ಲಿ ಅರ್ಥ ಇಲ್ಲ.

ದಿನಕ್ಕೊಂದು ಊರಲ್ಲಿ ಉಳಿದರೆ? ಇನ್ನೂ ಕಡಿಮೆ ಓಡಾಟ, ನಿಜ. ಆದರೆ ದಿನಾ ಬ್ಯಾಗ್ ಕಟ್ಟಬೇಕು, ಚೆಕ್‌ಔಟ್ ಟೈಮ್ ನೋಡಬೇಕು. ಮೂರು ದಿನಕ್ಕೆ ಅದು ಬೇಡ ಅಂತ ಬಿಟ್ಟೆವು.

ನಮಗೆ ಮುಖ್ಯ ಆಗಿದ್ದು ಎರಡನೇ ಅಂಕಿ, ಅದರಲ್ಲೂ ವಾಪಸ್ ಬರೋ ಅರ್ಧ. ಬೆಳಗ್ಗೆ ಓಡಿಸೋ 85 ಕಿಲೋಮೀಟರ್, ರಾತ್ರಿ ಓಡಿಸೋ 85 ಕಿಲೋಮೀಟರ್ ಒಂದೇ ಅಲ್ಲ. ಬೆಳಗ್ಗೆ ಎಲ್ಲರೂ ಎದ್ದಿರ್ತಾರೆ, ಹಾಡು ಹಾಕಿರ್ತಾರೆ. ವಾಪಸ್ ಬರುವಾಗ ಬೆಟ್ಟ ಹತ್ತಿ ಸುಸ್ತಾಗಿರುತ್ತೆ, ಎದುರಿನ ಲಾರಿಯ ಹೈಬೀಮ್ ಕಣ್ಣಿಗೆ ಹೊಡೆಯುತ್ತೆ, ಪಕ್ಕದವನು ಗೊರಕೆ ಹೊಡೀತಿರ್ತಾನೆ. ವೇಬರ್ ಲೆಕ್ಕದಲ್ಲಿ ಪ್ರತಿ ದೂರಕ್ಕೂ ಒಂದು ತೂಕ ಇರುತ್ತೆ. ನಾವು ಕತ್ತಲಿನ ಕಿಲೋಮೀಟರಿಗೆ ಎರಡರ ತೂಕ ಕೊಟ್ಟೆವು. ಎರಡೇ ಯಾಕೆ ಅಂತ ಕೇಳಿದರೆ ನಮ್ಮಲ್ಲಿ ಥಿಯರಿ ಇಲ್ಲ, ಆ ಮೋರಿ ಕಟ್ಟೆ ಇದೆ. ಮುಳ್ಳಯ್ಯನಗಿರಿಯಿಂದ ಬೇಲೂರಿಗೆ 90, ಹಾಸನಕ್ಕೆ 170, ಹಳೇ ಹೋಮ್‌ಸ್ಟೇಗೆ 204. ಇನ್ನೊಂದು ನಿಯಮವನ್ನೂ ಸೇರಿಸಿದೆವು, ಅತಿ ದೂರದ ಜಾಗಕ್ಕೆ ಬೆಳಗ್ಗೆಯೇ ಹೋಗೋದು, ಹತ್ತಿರದ್ದನ್ನ ಸಂಜೆಗೆ ಇಡೋದು. ಹೋದ ಸಲ ಸರಿಯಾಗಿ ಉಲ್ಟಾ ಮಾಡಿದ್ದೆವು. (ಮುಳ್ಳಯ್ಯನಗಿರಿಗೆ ಹೋಗೋರು ವಾಹನದ ಆನ್‌ಲೈನ್ ಬುಕಿಂಗ್ ಮೊದಲೇ ನೋಡಿಕೊಳ್ಳಿ.)

ಇಷ್ಟೆಲ್ಲ ಆದ ಮೇಲೆ ಕಾರಿನ ಯಜಮಾನರು, ಅಂದರೆ ನಮ್ಮ ಮೆಕ್ಯಾನಿಕಲ್ ಗೆಳೆಯನ ಅಪ್ಪ, ಒಂದು ಷರತ್ತು ಹಾಕಿದರು. ಅಜ್ಜಿಯನ್ನೂ ಕರ್ಕೊಂಡು ಹೋಗಬೇಕು. ಅಜ್ಜಿಗೆ 74 ವರ್ಷ, ಶುಗರ್ ಇದೆ, ಮಂಡಿ ನೋವು. ಬೇಲೂರು ನೋಡಿಲ್ಲ. ನಿಜ ಹೇಳಬೇಕಂದರೆ ಮೊದಲು ನಮ್ಮ ಮುಖ ಸಣ್ಣಗಾಯಿತು. ಆಮೇಲೆ ಅಜ್ಜಿಗೆ ಪಟ್ಟಿ ತೋರಿಸಿದೆವು. ಹಾಸನವೇ ಒಳ್ಳೇದೇನೋ ಅಂತ ನಮಗೆ ಅನ್ನಿಸ್ತಿತ್ತು. ಜಿಲ್ಲಾ ಕೇಂದ್ರ, ದೊಡ್ಡ ಆಸ್ಪತ್ರೆ ಇದೆ, ಲಿಫ್ಟ್ ಇರೋ ಹೋಟೆಲ್ ಸಿಗುತ್ತೆ.

ಅಜ್ಜಿ ಕೇಳಿದ್ದು ಒಂದೇ. "ನೀವು ಬೆಟ್ಟಕ್ಕೆ ಹೋದಾಗ ನಾನೇನ್ ಮಾಡ್ಲಿ? ಲಾಡ್ಜಲ್ಲಿ ಗೋಡೆ ನೋಡ್ಕೊಂಡು ಕೂರೋಕೆ ನಾನ್ಯಾಕ್ರಪ್ಪಾ ಅಷ್ಟು ದೂರ ಬರ್ಲಿ?"

ನಮ್ಮ ಗ್ರಾಫಿನಲ್ಲಿ ಎಲ್ಲರೂ ಬೆಳಗ್ಗೆ ಹೊರಟು ಸಂಜೆ ಬರೋರೇ ಇದ್ದರು. ಬೀಡಲ್ಲೇ ಉಳಿಯೋರು ಯಾರೂ ಇರಲಿಲ್ಲ. ಉಳಿಯೋರಿಗೆ ಬೇಕಾದ್ದು ಬೇರೆ. ನಡೆದು ಹೋಗೋ ದೂರದಲ್ಲಿ ಏನಾದರೂ ಇರಬೇಕು, ಸುಸ್ತಾದರೆ ತಕ್ಷಣ ವಾಪಸ್ ಬಂದು ಮಲಗೋ ಹಾಗಿರಬೇಕು, ಊಟ ಹೊತ್ತಿಗೆ ಸರಿಯಾಗಿ ಸಿಗಬೇಕು. ಬೇಲೂರಿನ ಸಾಲಲ್ಲಿ ಒಂದು ಸೊನ್ನೆ ಇತ್ತು, ಬೇಲೂರಿಂದ ಬೇಲೂರಿಗೆ ದೂರ ಸೊನ್ನೆ. ಮೊತ್ತಕ್ಕೆ ಅನುಕೂಲ ಅಂತಷ್ಟೇ ನಾವು ಅದನ್ನ ನೋಡಿದ್ದೆವು. ಅಜ್ಜಿಗೆ ಆ ಸೊನ್ನೆಯೇ ಪ್ರವಾಸ. 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಚೆನ್ನಕೇಶವ ದೇವಸ್ಥಾನದಲ್ಲಿ ಇವತ್ತಿಗೂ ಪೂಜೆ ನಡೆಯುತ್ತೆ. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಹಳೇಬೀಡು, ಸೋಮನಾಥಪುರದ ಜೊತೆ ಇದೂ ಸೇರಿತು, ಆದರೆ ಅಜ್ಜಿಗೆ ಬೇಕಿದ್ದು ಮಂಗಳಾರತಿ. ಬೆಳಗ್ಗೆ ಒಂದು ಸಲ, ಬಿಸಿಲು ಇಳಿದ ಮೇಲೆ ಒಂದು ಸಲ ಹೋಗಬಹುದು. ಪ್ರಾಕಾರದ ಕಲ್ಲೂ ಮಧ್ಯಾಹ್ನ ಕಾಲು ಸುಡುತ್ತೆ, ಆ ಹೊತ್ತಲ್ಲಿ ರೂಮಲ್ಲಿ ಮಲಗಬಹುದು. ನಮ್ಮಲ್ಲಿ ದಿನಕ್ಕೊಬ್ಬರು ಅಜ್ಜಿ ಜೊತೆ ಇರೋದು ಅಂತ ಆಯಿತು. ಲೈಸೆನ್ಸ್ ಈಗ ಇಬ್ಬರಿಗಿದೆ, ಹಾಗಾಗಿ ಡ್ರೈವರಿಗೂ ಒಂದು ದಿನ ರಜೆ. ಆಸ್ಪತ್ರೆ ಬೇಕಾದರೆ ಹಾಸನ 40 ಕಿಲೋಮೀಟರ್, ಅದನ್ನ ಮರೆತಿಲ್ಲ, ಒಂದು ಕಾರು ಬೇಲೂರಲ್ಲೇ ಗೊತ್ತು ಮಾಡಿಟ್ಟುಕೊಳ್ತೀವಿ.

ರೂಮಿಗೆ ಫೋನ್ ಮಾಡಿದಾಗ ನೆಲಮಹಡಿ ಖಾಲಿ ಇಲ್ಲ, ಮೊದಲ ಮಹಡಿ ಮಾತ್ರ ಅಂದರು. ಎಷ್ಟು ಮೆಟ್ಟಿಲು ಅಂತ ಅಜ್ಜಿ ಪಕ್ಕದಿಂದಲೇ ಕೇಳಿಸಿದರು. ಆ ಕಡೆಯವರು ಎಣಿಸಿ ಬಂದು ಹದಿನಾಲ್ಕು ಅಂದರು. "ದಿನಕ್ಕೆ ಎರಡು ಸಲ ಹತ್ತಿದ್ರೆ ಇಪ್ಪತ್ತೆಂಟು. ಆಗುತ್ತೆ, ಬುಕ್ ಮಾಡ್ರೋ" ಅಂದರು ಅಜ್ಜಿ.