ಅಂಕಣದ ಅಂಚಿನಲ್ಲಿ ಕ್ಯಾಮೆರಾ

ಯಾವ ಶಾಲೆಯ ವಾರ್ಷಿಕ ಸಂಚಿಕೆಯನ್ನು ತೆರೆದರೂ ಕ್ರೀಡಾವಿಭಾಗದಲ್ಲಿ ಒಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಗೆದ್ದವರು ಪಾರಿತೋಷಕ ಹಿಡಿದು ಸಾಲಾಗಿ ನಿಂತ ಚಿತ್ರಗಳು ಅಲ್ಲಿ ಹೇರಳ. ಆಡುತ್ತಿರುವಾಗಿನ ಚಿತ್ರಗಳು ವಿರಳ. ಇದ್ದರೂ ಅವುಗಳಿಗೆ ಕತ್ತಲೆ ಕವಿದಿರುತ್ತದೆ, ಇಲ್ಲವೆ ಆಟಗಾರನ ಕೈ ಹೊಗೆಯಂತೆ ಕರಗಿಹೋಗಿರುತ್ತದೆ. ಬಯಲಿನ ಓಟವನ್ನು ಸ್ಪಷ್ಟವಾಗಿ ತೋರಿಸಿದ ಕ್ಯಾಮೆರಾವೇ ಸಭಾಂಗಣದೊಳಗಿನ ಟೇಬಲ್ ಟೆನಿಸಿನಲ್ಲಿ ಏಕೆ ಸೋಲುತ್ತದೆ? ಈ ವಿಷಯದಲ್ಲಿ ನಾವು ಕಲಿತಷ್ಟನ್ನು, ಅದರಲ್ಲಿಯೂ ತಪ್ಪುಮಾಡಿ ಕಲಿತದ್ದನ್ನು, ವಿದ್ಯಾರ್ಥಿಮಿತ್ರರ ಮುಂದಿಡುವುದು ಈ ಲೇಖನದ ಉದ್ದೇಶ.

ಕನ್ನಡನಾಡಿನ ಹಳ್ಳಿಯ ಶಾಲೆಯಲ್ಲಿ ಓದಿ ಇಲ್ಲಿಗೆ ಬಂದ ನಮಗೆ ಆಟವೆಂದರೆ ಬಯಲು. ನುಂಗಂಬಾಕ್ಕಂನಲ್ಲಿ ಹಾಗಲ್ಲ. ಹಿಂದೆ ಇಲ್ಲಿ ದೊಡ್ಡದೊಂದು ಕೆರೆಯಿತ್ತು. ಅದರ ಅಂಗಳವೆಲ್ಲ ಕಟ್ಟಡಗಳಾಗಿ ಇಂದು ‘ಲೇಕ್ ಏರಿಯಾ’ ಎಂಬ ಹೆಸರು ಮಾತ್ರ ಉಳಿದಿದೆ. ಇಂತಹ ಸ್ಥಳದಲ್ಲಿ ಶಾಲೆಗಳಿಗೆ ವಿಶಾಲವಾದ ಆಟದ ಬಯಲು ಸುಲಭವಾಗಿ ದೊರೆಯದು. ಮೇಲಾಗಿ ಅಕ್ಟೋಬರಿನಿಂದ ಡಿಸೆಂಬರಿನವರೆಗೆ ಈಶಾನ್ಯ ಮಾರುತದ ಮಳೆ. ಆದಕಾರಣ ಟೇಬಲ್ ಟೆನಿಸ್, ಷಟಲ್, ಕೇರಂ, ಚದುರಂಗಗಳೆಲ್ಲ ಸಭಾಂಗಣವನ್ನು ಸೇರುತ್ತವೆ. ಇದೇ ಬಡಾವಣೆಯ ಟೆನಿಸ್ ಕ್ರೀಡಾಂಗಣದಲ್ಲಿ 1997ರಿಂದ 2017ರವರೆಗೆ ಪುರುಷರ ಚೆನ್ನೈ ಓಪನ್ ಪಂದ್ಯಗಳು ಜರುಗಿದುವು. ಅಲ್ಲಿ ರಾತ್ರಿಯ ಆಟಕ್ಕೂ ಪ್ರಖರವಾದ ಹೊನಲುಬೆಳಕಿತ್ತು. ನಮ್ಮ ಸಭಾಂಗಣಗಳಾದರೋ ಪ್ರಾರ್ಥನೆಗೂ ಪರೀಕ್ಷೆಗೂ ಕಟ್ಟಿದವು. ಒಂದು ಪಕ್ಕದಲ್ಲಿ ಕಿಟಕಿಗಳು, ಮೇಲೆ ನಾಲ್ಕಾರು ಟ್ಯೂಬ್‌ಲೈಟುಗಳು: ಇಷ್ಟೇ ನಮ್ಮ ಬಂಡವಾಳ.

ಮೊದಲು ಬೆಳಕನ್ನು ವಿಚಾರಿಸೋಣ. ನಮ್ಮ ಕಣ್ಣು ಮಂದ ಬೆಳಕಿಗೂ ಬೇಗನೆ ಒಗ್ಗಿಕೊಳ್ಳುವುದರಿಂದ ಸಭಾಂಗಣವು ಬೆಳಕಾಗಿಯೇ ಇದೆ ಎಂದು ಭ್ರಮಿಸುತ್ತೇವೆ. ಬೆಳಕನ್ನು ಅಳೆಯುವ ಮಾನಕ್ಕೆ ಲಕ್ಸ್ ಎಂದು ಹೆಸರು. ನಡುಹಗಲ ಬಿಸಿಲಿನಲ್ಲಿ ಸುಮಾರು 1,00,000 ಲಕ್ಸ್ ಬೆಳಕಿದ್ದರೆ, ಸಾಮಾನ್ಯ ಸಭಾಂಗಣದ ದೀಪಗಳಡಿಯಲ್ಲಿ ಇನ್ನೂರು ಮುನ್ನೂರು ಲಕ್ಸ್ ಇದ್ದರೆ ಹೆಚ್ಚು. ಈ ಕೊರತೆಯನ್ನು ತುಂಬಿಕೊಳ್ಳಲು ಕ್ಯಾಮೆರಾಕ್ಕೆ ಮೂರು ದಾರಿಗಳುಂಟು: ಷಟರನ್ನು ಹೆಚ್ಚು ಹೊತ್ತು ತೆರೆದಿಡುವುದು, ಮಸೂರದ ಕಂಡಿಯನ್ನು ಅಗಲಮಾಡುವುದು, ಬೆಳಕನ್ನು ಗ್ರಹಿಸುವ ಸೂಕ್ಷ್ಮತೆಯನ್ನು ಏರಿಸುವುದು. ಆದರೆ ಮೂರಕ್ಕೂ ಬೆಲೆ ತೆರಬೇಕು.

ಷಟರಿನ ಬೆಲೆಯನ್ನು ಗಣಿತದಿಂದ ತಿಳಿಯಬಹುದು. ಹುಡುಗನೊಬ್ಬನು ಸೆಕೆಂಡಿಗೆ 5 ಮೀಟರ್ ವೇಗದಲ್ಲಿ ಓಡುತ್ತಾನೆಂದು ಭಾವಿಸೋಣ. ಷಟರು 1/50 ಸೆಕೆಂಡು ತೆರೆದಿದ್ದರೆ ಅಷ್ಟರಲ್ಲಿ ಅವನು 10 ಸೆಂಟಿಮೀಟರ್ ಮುಂದೆ ಸಾಗಿರುತ್ತಾನೆ. ಮುಖವು ಗುರುತು ಸಿಗದಂತೆ ಕಲಸಿಹೋಗುತ್ತದೆ. 1/500 ಸೆಕೆಂಡಿಗೆ ಇಳಿಸಿದರೆ ಸಾಗುವುದು 1 ಸೆಂಟಿಮೀಟರ್ ಮಾತ್ರ. ಆದರೆ ಒಳಬರುವ ಬೆಳಕೂ ಹತ್ತನೆಯ ಒಂದು ಭಾಗವಾಗುತ್ತದೆ. ಇದನ್ನು ಸರಿದೂಗಿಸಲು ಅಗಲ ಕಂಡಿಯ ಮಸೂರ ಬೇಕು. ಮಸೂರದ ಮೇಲಿನ ಅಂಕಿ ಚಿಕ್ಕದಾದಷ್ಟೂ ಕಂಡಿ ದೊಡ್ಡದು: 5.6ರ ಬದಲು 1.8 ಇಟ್ಟರೆ ಸುಮಾರು ಹತ್ತರಷ್ಟು ಬೆಳಕು ಒಳಬರುತ್ತದೆ. ಆಗ ಸ್ಪಷ್ಟವಾಗಿ ಕಾಣುವ ದೂರದ ಮಿತಿ ಕಿರಿದಾಗುವುದರಿಂದ ಆಟಗಾರನ ಕಣ್ಣಿನ ಮೇಲೆಯೇ ಗುರಿಯಿಡಬೇಕು. ಸೂಕ್ಷ್ಮತೆಯನ್ನು 1600 ಅಥವಾ 3200ಕ್ಕೆ ಏರಿಸಿದರೆ ಚಿತ್ರದ ಮೇಲೆ ರಂಗೋಲಿಪುಡಿ ಉದುರಿದಂತೆ ಕಾಳುಗಳು ಕಾಣುತ್ತವೆ. ಇದಕ್ಕೆ ಅಂಜಬೇಕಾಗಿಲ್ಲ. ಕಾಳುಕಾಳಾದ ಚಿತ್ರದಲ್ಲಿ ಮುಖ ಉಳಿದಿರುತ್ತದೆ. ಕಲಸಿಹೋದ ಚಿತ್ರದಲ್ಲಿ ಏನೂ ಉಳಿಯದು.

ಇನ್ನೊಂದು ತೊಡಕುಂಟು. ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳದು. ಆದ್ದರಿಂದ ಹಳೆಯ ಚೋಕಿನ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಂಕಾಗಿ ಮತ್ತೆ ಬೆಳಗುತ್ತದೆ. ಇದು ಕಣ್ಣಿಗೆ ತಿಳಿಯದು. ವೇಗದ ಷಟರಿಗೆ ತಿಳಿಯುತ್ತದೆ. ಒಂದು ಚಿತ್ರ ಬೆಳ್ಳಗೆ, ಮುಂದಿನದು ಹಳದಿ, ಮತ್ತೊಂದು ಅರ್ಧ ಕತ್ತಲೆ. ಕ್ಯಾಮೆರಾ ಕೆಟ್ಟಿತೆಂದು ಗಾಬರಿಯಾಗದೆ ಒಂದೇ ಕ್ಷಣಕ್ಕೆ ಮೂರು ನಾಲ್ಕು ಚಿತ್ರಗಳನ್ನು ತೆಗೆದರೆ ಒಂದಾದರೂ ಕೈಸೇರುತ್ತದೆ. ಆಟ ನಿಧಾನವಾಗಿದ್ದಾಗ ಷಟರನ್ನು 1/100 ಸೆಕೆಂಡಿಗೆ ಇಟ್ಟರೆ ಈ ದೋಷ ಬಹುಮಟ್ಟಿಗೆ ನೀಗುತ್ತದೆ.

ಉಪಕರಣಕ್ಕಿಂತ ಮಿಗಿಲಾದುದು ಆಟದ ಜ್ಞಾನ. 1878ರಲ್ಲಿ ಅಮೆರಿಕದಲ್ಲಿ ಮೈಬ್ರಿಜ್ ಎಂಬಾತನು ಕ್ಯಾಮೆರಾಗಳನ್ನು ಸಾಲಾಗಿ ಜೋಡಿಸಿ, ಓಡುವ ಕುದುರೆಯ ನಾಲ್ಕು ಕಾಲುಗಳೂ ಒಂದು ಗಳಿಗೆ ನೆಲ ಬಿಟ್ಟಿರುತ್ತವೆಂದು ತೋರಿಸಿದನು. ಅಂತಹ ಗಳಿಗೆ ಎಲ್ಲ ಆಟಗಳಲ್ಲಿಯೂ ಉಂಟು. ಷಟಲ್ ಆಟಗಾರ್ತಿ ಮೇಲಕ್ಕೆ ನೆಗೆದಾಗ ನೆಗೆತದ ತುದಿಯಲ್ಲಿ ಅವಳ ಮೇಲ್ಮುಖ ವೇಗ ಸೊನ್ನೆಯಾಗುತ್ತದೆ. ಆ ತುದಿಯ ಹಿಂದುಮುಂದಿನ ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಅವಳ ದೇಹ ಏರಿಳಿಯುವುದು ಒಂದು ಸೆಂಟಿಮೀಟರಿಗಿಂತ ತುಸು ಹೆಚ್ಚು, ಅಷ್ಟೆ. ಟೇಬಲ್ ಟೆನಿಸಿನಲ್ಲಿ ಸರ್ವ್ ಮಾಡುವಾಗ ಚೆಂಡನ್ನು ಕನಿಷ್ಠ 16 ಸೆಂಟಿಮೀಟರ್ ಮೇಲಕ್ಕೆ ಎಸೆಯಬೇಕೆಂಬುದು ನಿಯಮ. ಆ ಚೆಂಡು ಮೇಲೇರಿ ನಿಂತ ಕ್ಷಣದಲ್ಲಿ ಆಟಗಾರನ ಮುಖವೂ ನಿಶ್ಚಲ, ದೃಷ್ಟಿಯೂ ನಿಶ್ಚಲ. ಮಂದ ಬೆಳಕಿನವನಿಗೆ ಇದಕ್ಕಿಂತ ಒಳ್ಳೆಯ ಅವಕಾಶ ದೊರೆಯದು. ಚೆಂಡನ್ನು ಕಂಡಮೇಲೆ ಗುಂಡಿ ಒತ್ತಿದವನಿಗೆ ಅದು ತಪ್ಪಿಹೋಗುತ್ತದೆ; ಮುಂದೇನಾಗುವುದೆಂದು ಬಲ್ಲವನಿಗೆ ಮಾತ್ರ ಸಿಕ್ಕುತ್ತದೆ.

ನಿಲ್ಲುವ ಸ್ಥಳವನ್ನು ತೀರ್ಪುಗಾರರ ಅಪ್ಪಣೆ ಪಡೆದು, ಪಂದ್ಯಕ್ಕೆ ಮೊದಲೇ ಗೊತ್ತುಮಾಡಿಕೊಳ್ಳಬೇಕು. ಅಂಕಣದ ಮೂಲೆಯ ಬಳಿ, ಕಿಟಕಿಯನ್ನು ಬೆನ್ನಿಗೆ ಮಾಡಿಕೊಂಡು, ನೆಲದ ಮೇಲೆ ಕುಳಿತರೆ ಮಕ್ಕಳ ಮುಖ ಸಮನಾಗಿ ಕಾಣುತ್ತದೆ. ಚೆಂಡು ಆಟದಲ್ಲಿರುವಾಗ ಎದ್ದು ಓಡಾಡಕೂಡದು. ಎಲ್ಲಕ್ಕಿಂತ ಮುಖ್ಯವಾಗಿ, ಫ್ಲ್ಯಾಷ್ ದೀಪವನ್ನು ಬಳಸಕೂಡದು. ಈ ಕೊನೆಯ ಮಾತನ್ನು ನಾವು ಹೇಗೆ ಕಲಿತೆವೆಂಬುದನ್ನು ಮುಚ್ಚಿಡುವುದು ಸರಿಯಲ್ಲ.

ಎರಡು ವರ್ಷಗಳ ಹಿಂದೆ ನುಂಗಂಬಾಕ್ಕಂನ ಸಭಾಂಗಣವೊಂದರಲ್ಲಿ ಅಂತರಶಾಲಾ ಟೇಬಲ್ ಟೆನಿಸ್ ಪಂದ್ಯ. ಕೊನೆಯ ಗೇಮಿನಲ್ಲಿ ನಮ್ಮ ಹುಡುಗಿ 10-9ರಿಂದ ಮುಂದಿದ್ದಳು. ಇನ್ನೊಂದು ಅಂಕ ಬಂದರೆ ಗೆಲುವು. ಎದುರಾಳಿ ಹುಡುಗಿ ಸರ್ವ್ ಮಾಡಲು ಚೆಂಡೆಸೆದಳು. ನಾವು ಉತ್ಸಾಹದಲ್ಲಿ ಗುಂಡಿ ಒತ್ತಿದೆವು. ಆರಿಸಲು ಮರೆತಿದ್ದ ಫ್ಲ್ಯಾಷ್ ಝಗ್ಗನೆ ಬೆಳಗಿತು; ಆ ಮಗು ಕಣ್ಣು ಮುಚ್ಚಿತು; ಚೆಂಡು ಬಲೆಗೆ ಬಿದ್ದಿತು. ತೀರ್ಪುಗಾರರು ನಮ್ಮ ಕಡೆಗೆ ಅಂಕ ಕೂಗಿಬಿಟ್ಟರು. ನಾವು ಎದ್ದು ತಪ್ಪೊಪ್ಪಿಕೊಳ್ಳಬೇಕಾಗಿತ್ತು; ನಾಲಗೆ ಏಳಲಿಲ್ಲ. ಅಷ್ಟರಲ್ಲಿ ನಮ್ಮ ಹುಡುಗಿಯೇ ಕೈಯೆತ್ತಿ, ಫ್ಲ್ಯಾಷ್ ಬಿತ್ತೆಂದೂ ಆ ಅಂಕವನ್ನು ಮತ್ತೆ ಆಡಿಸಬೇಕೆಂದೂ ತಿಳಿಸಿದಳು. ಆಟಕ್ಕೆ ಹೊರಗಿನ ಅಡಚಣೆಯಾದರೆ ಹಾಗೆ ಮತ್ತೆ ಆಡಿಸಲು ನಿಯಮದಲ್ಲಿ ಅವಕಾಶವುಂಟು. ಮತ್ತೆ ಆಡಿದರು. ಅವಳು 10-12ರಿಂದ ಸೋತಳು. ಹೊರಗೆ ಬಂದವಳು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. “ಸಾರ್, ನನ್ನ ಫೋಟೋ ಚೆನ್ನಾಗಿ ಬಂತಾ?” ಎಂದಷ್ಟೇ ಕೇಳಿದಳು. ತೋರಿಸಲು ನಮ್ಮಲ್ಲಿದ್ದುದು ಮತ್ತೊಬ್ಬಳು ಕಣ್ಣು ಮುಚ್ಚಿದ ಒಂದು ಚಿತ್ರ.

ಅಂದಿನಿಂದ ಅಂಕಣದ ಬಳಿ ಕೂರುವ ಮೊದಲು ಫ್ಲ್ಯಾಷ್ ಆರಿದೆಯೇ ಎಂದು ಎರಡು ಸಲ ನೋಡುವುದು ನಮ್ಮ ವಾಡಿಕೆ. ಚಿತ್ರಕ್ಕಾಗಿ ಆಟವಲ್ಲ, ಆಟವಿರುವುದರಿಂದ ಚಿತ್ರ.

ಮೈಸೂರಿನಲ್ಲಿ ಹುಟ್ಟಿದ ಟಿ. ಎಸ್. ಸತ್ಯನ್ ಅವರು ತಮ್ಮ ಕ್ಯಾಮೆರಾವನ್ನು ಸಾಮಾನ್ಯ ಜನರ ಕಡೆಗೆ ತಿರುಗಿಸಿ ಕೀರ್ತಿ ಪಡೆದವರು. ಅಂತರರಾಷ್ಟ್ರೀಯ ಮಕ್ಕಳ ವರ್ಷವಾದ 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳು ವಿಶ್ವಸಂಸ್ಥೆಯಲ್ಲಿ ಪ್ರದರ್ಶಿತವಾದುವು. ಅವರ ದಾರಿಯಲ್ಲಿ ನಾವೂ ಒಂದು ಹೆಜ್ಜೆ ನಡೆಯಬಹುದು. ಗೆದ್ದವರನ್ನಷ್ಟೇ ಅಲ್ಲ, ಸೋತವರನ್ನೂ, ಅಂಕದ ಹಲಗೆ ತಿರುಗಿಸುವ ಹುಡುಗನನ್ನೂ ಚಿತ್ರಿಸೋಣ. ಬಿದ್ದವರ, ಅತ್ತವರ ಚಿತ್ರವನ್ನು ನಗೆಗಾಗಿ ಮೊಬೈಲಿನಲ್ಲಿ ಹಂಚದಿರೋಣ. ಅಚ್ಚಿಗೆ ಕೊಡುವ ಮುನ್ನ ಅವರ ಒಪ್ಪಿಗೆ ಕೇಳೋಣ.

ಈ ವರ್ಷ ಅದೇ ಹುಡುಗಿ ನಮ್ಮ ಸಭಾಂಗಣದಲ್ಲಿ ಮತ್ತೆ ಆಡಿದಳು. ಕಿಟಕಿಯ ಬೆಳಕಿನಲ್ಲಿ, ಚೆಂಡು ಮೇಲೇರಿ ನಿಂತ ಕ್ಷಣದಲ್ಲಿ, ನಮಗೊಂದು ಚಿತ್ರ ದೊರೆಯಿತು. ಅದರಲ್ಲಿ ಕಾಳುಗಳಿವೆ, ಒಂದು ಮೂಲೆ ಕತ್ತಲೆಯಾಗಿದೆ. ಆದರೆ ಅವಳ ಕಣ್ಣು ಚೆಂಡಿನ ಮೇಲಿದೆ. ಪ್ರತಿಯೊಂದನ್ನು ಅವಳ ಮನೆಗೆ ಕಳುಹಿಸಿದ್ದೇವೆ.